ಜೇಬಿನ ಚಾಕು ಯಾಕೆ ಕೈಕೊಡುತ್ತದೆ, ಕೈಕೊಟ್ಟದ್ದನ್ನು ಸರಿಮಾಡೋದು ಹೇಗೆ

ಹೊಸ ಮಡಚುವ ಚಾಕು ತಂದ ಮೊದಲ ವಾರ ಎಲ್ಲರೂ ಅದನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಾರೆ. ಮೂರು ತಿಂಗಳು ಕಳೆಯುವಾಗ ಅದು ಮೇಜಿನ ಖಾನೆಯಲ್ಲಿ, ಹಳೇ ಚಾರ್ಜರ್ ವಯರುಗಳ ಅಡಿಯಲ್ಲಿ ಬಿದ್ದಿರುತ್ತದೆ. ಗೊಬ್ಬರದ ಚೀಲ ಬಿಚ್ಚಬೇಕು ಅಂದರೆ ಮತ್ತೆ ಅಡುಗೆಮನೆಯ ತರಕಾರಿ ಚಾಕುವೇ ಗತಿ. ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ಮುಂದೆ ಓದಿ.

ನಾನು ಶಿರಸಿ ಕಡೆಯವನು. ಮನೆಯಲ್ಲಿ ಅಡಿಕೆ ತೋಟ, ಕೆಲಸ ಕಾರವಾರದಲ್ಲಿ. ಹಾಗಾಗಿ ನನ್ನ ಜೇಬಿನ ಚಾಕುವಿಗೆ ವಾರದಲ್ಲಿ ಐದು ದಿನ ಕಡಲಿನ ಉಪ್ಪು ಗಾಳಿ, ಎರಡು ದಿನ ತೋಟದ ಕೆಸರು ಮತ್ತು ಬಾಳೆಯ ಸೊನೆ. ಇಷ್ಟು ವರ್ಷ ಬೇರೆ ಬೇರೆ ಚಾಕು ಇಟ್ಟುಕೊಂಡು ಓಡಾಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಬೇಸರ ತರಿಸುವ ಚಾಕುಗಳಲ್ಲಿ ಹೆಚ್ಚಿನವು ನಮ್ಮ ಕೆಲಸಕ್ಕೆ ಬೇಕಾದ್ದಕ್ಕಿಂತ ದಪ್ಪ, ಬೇಕಾದ್ದಕ್ಕಿಂತ ದೊಡ್ಡವು. ಉಕ್ಕು ಯಾವುದು, ಎಲ್ಲಿಯದು ಅನ್ನೋದು ಆಮೇಲಿನ ಮಾತು.

ಮೊದಲು ಒಂದು ವಾರ ಬರೆದಿಡಿ

ಕೊಳ್ಳುವ ಮೊದಲು, ಅಥವಾ ಇರುವ ಚಾಕುವನ್ನು ಬೈಯುವ ಮೊದಲು, ಒಂದು ವಾರ ನೀವು ಏನೇನು ಕೊಯ್ದಿರಿ ಅಂತ ಚೀಟಿಯಲ್ಲಿ ಬರೆಯಿರಿ. ಫೋನಿನಲ್ಲಾದರೂ ಸರಿ. ನನ್ನ ಒಂದು ವಾರದ ಪಟ್ಟಿ ಹೀಗಿತ್ತು: ಹಾಲಿನ ಪ್ಯಾಕೆಟ್, ಕೊರಿಯರ್ ಡಬ್ಬದ ಟೇಪು ನಾಲ್ಕು ಸಲ, ಗೊಬ್ಬರದ ಚೀಲದ ಹೊಲಿಗೆ, ಕಾಳುಮೆಣಸಿನ ಬಳ್ಳಿ ಕಟ್ಟಲು ಪ್ಲಾಸ್ಟಿಕ್ ಹಗ್ಗ, ಎರಡು ಬಾಳೆ ಎಲೆ, ಮೂರು ಪೇರಲೆ, ಮಗಳ ಪೆನ್ಸಿಲ್, ಅಂಗಿಯ ಕಾಲರಿಗೆ ಹೊಲಿದಿದ್ದ ಚೀಟಿ, ಕಾಲಿಗೆ ಚುಚ್ಚಿದ ಮುಳ್ಳು.

ಇದರಲ್ಲಿ ಯಾವುದಕ್ಕೂ ಮೂರು ಇಂಚಿಗಿಂತ ಉದ್ದದ ಅಲಗು ಬೇಕಾಗಲಿಲ್ಲ. ಬಾಳೆಗೊನೆ ಕಡಿಯಲು, ಎಳನೀರು ಕೆತ್ತಲು ನಮ್ಮಲ್ಲಿ ಕತ್ತಿ ಇದೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಇದೆ. ದೊಡ್ಡ ಕೆಲಸಕ್ಕೆಲ್ಲ ನಮ್ಮ ಹಿರಿಯರು ಒಂದೊಂದು ಹತ್ಯಾರ ಮಾಡಿಟ್ಟು ಹೋಗಿದ್ದಾರೆ. ಹೀಗಿರುವಾಗ ಕಾಡಿನಲ್ಲಿ ಸಿಕ್ಕಿಕೊಂಡವನಿಗೆ ಅಂತ ಮಾಡಿದ ದಪ್ಪ ಚಾಕುವನ್ನು ಜೇಬಿನಲ್ಲಿ ಹೊತ್ತು ತಿರುಗುವ ಅಗತ್ಯ ನಮಗೆ ಇಲ್ಲ. ನಮ್ಮ ಅಜ್ಜನ ಕವಳದ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಒಂದು ಪುಟ್ಟ ಚಾಕು ಇರುತ್ತಿತ್ತು, ಬೆರಳಿಗಿಂತ ಸ್ವಲ್ಪ ಉದ್ದ, ಮಸೆದು ಮಸೆದು ಅಲಗು ಅರ್ಧ ಸವೆದಿತ್ತು. ದಿನವಿಡೀ ಅದು ಕೆಲಸ ಮಾಡುತ್ತಿತ್ತು.

ಅಲಗಿನ ದಪ್ಪ ನೋಡಿ

ಇದು ಎಲ್ಲಕ್ಕಿಂತ ಮುಖ್ಯ. ಒಂದು ಪೇರಲೆ ಹಣ್ಣು ತಗೊಳ್ಳಿ, ಸ್ವಲ್ಪ ಗಟ್ಟಿ ಇರುವಂಥದ್ದು. ನನ್ನ ಹತ್ತಿರ ಒಂದು ಕಪ್ಪು ಬಣ್ಣದ ಚಾಕು ಇತ್ತು, ಬೆನ್ನು ನಾಲ್ಕು ಮಿಲಿಮೀಟರ್ ದಪ್ಪ. ಅಂಗಡಿಯಲ್ಲಿ ಕಾಗದವನ್ನು ಸರ್ರನೆ ಸೀಳಿ ತೋರಿಸಿದ್ದರು. ಪೇರಲೆಗೆ ಇಟ್ಟು ಒತ್ತಿದೆ. ಸಿಪ್ಪೆ ಸುಲಭಕ್ಕೆ ಕೊಯ್ತು. ಅರ್ಧ ಇಂಚು ಒಳಗೆ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಜಾಸ್ತಿ ಒತ್ತಿದಾಗ ಹಣ್ಣು ಟಪ್ ಅಂತ ಎರಡು ಹೋಳಾಯಿತು, ಒಂದು ಹೋಳು ನೆಲಕ್ಕೆ ಬಿತ್ತು. ಕೈಯಲ್ಲಿ ಉಳಿದ ಹೋಳನ್ನು ನೋಡಿದರೆ ಮೇಲಿನ ಅರ್ಧ ಇಂಚು ನುಣ್ಣಗೆ ಕೊಯ್ದಿದೆ, ಕೆಳಗಿನದೆಲ್ಲ ಒರಟಾಗಿ ಒಡೆದಿದೆ. ಅಂದರೆ ಆ ಚಾಕು ಹಣ್ಣು ಕೊಯ್ಯಲಿಲ್ಲ, ಸೌದೆಗೆ ಬೆಣೆ ಹೊಡೆದ ಹಾಗೆ ಸೀಳಿತು. ಅದೇ ಪೇರಲೆಯ ಇನ್ನೊಂದು ಹೋಳಿಗೆ ಅಮ್ಮನ ತರಕಾರಿ ಚಾಕು ಹಾಕಿದೆ. ಅದರ ಬಾಯಿ ಅಷ್ಟೇನೂ ಹರಿತ ಇರಲಿಲ್ಲ, ಆದರೂ ಸದ್ದಿಲ್ಲದೆ ಕೆಳಗಿನವರೆಗೆ ಇಳಿಯಿತು. ಆ ಅಲಗಿನ ಬೆನ್ನು ಒಂದು ಮಿಲಿಮೀಟರ್ ಇದ್ದರೆ ಹೆಚ್ಚು.

ಹರಿತ ಬೇರೆ, ತೆಳು ಬೇರೆ. ಕಾಗದ ಸೀಳಲು ಹರಿತ ಸಾಕು, ಯಾಕಂದರೆ ಕಾಗದಕ್ಕೆ ಆಳವೇ ಇಲ್ಲ. ಹಣ್ಣು, ರಟ್ಟು, ದಪ್ಪ ಹಗ್ಗ ಕೊಯ್ಯುವಾಗ ಇಡೀ ಅಲಗು ಒಳಗೆ ಹಾದು ಹೋಗಬೇಕು. ಬಾಯಿಯ ಹಿಂದೆಯೇ ಲೋಹ ದಪ್ಪಗಿದ್ದರೆ ಅದು ಸಿಕ್ಕಿಕೊಳ್ಳುತ್ತದೆ.

ಅಂಗಡಿಯಲ್ಲಿ ಹೀಗೆ ನೋಡಿ. ಚಾಕು ಬಿಚ್ಚಿ ತುದಿಯ ಕಡೆಯಿಂದ ಒಂದೇ ಕಣ್ಣಲ್ಲಿ ನೋಡಿ. ಬೆನ್ನಿನಿಂದ ಬಾಯಿಯವರೆಗೆ ಅಲಗು ನಿಧಾನವಾಗಿ ತೆಳುವಾಗುತ್ತಾ ಬಂದಿದ್ದರೆ ಒಳ್ಳೆಯದು. ಮುಕ್ಕಾಲು ದಾರಿ ದಪ್ಪಗೇ ಬಂದು ಕೊನೆಗೆ ಮಾತ್ರ ಇದ್ದಕ್ಕಿದ್ದಂತೆ ಇಳಿದಿದ್ದರೆ ಬಿಟ್ಟುಬಿಡಿ. ಬೆನ್ನು ಎರಡು ಮಿಲಿಮೀಟರ್ ಆಸುಪಾಸು ಇದ್ದರೆ ದಿನದ ಕೆಲಸಕ್ಕೆ ಧಾರಾಳ. ವಿಕ್ಟೋರಿನಾಕ್ಸ್‌ನ ಕೆಂಪು ಸ್ವಿಸ್ ಚಾಕು, ಫ್ರಾನ್ಸಿನ ಒಪಿನೆಲ್ ಚಾಕು, ಇವೆರಡೂ ನೂರಕ್ಕೂ ಹೆಚ್ಚು ವರ್ಷದಿಂದ ಬಾಳಿ ಬಂದಿರುವುದಕ್ಕೆ ತೆಳು ಅಲಗು ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ಒಪಿನೆಲ್ ಶುರುವಾದದ್ದು 1890ರಲ್ಲಿ. ಸ್ವಿಸ್ ಚಾಕುವಿನ ಮಾದರಿ ನೋಂದಣಿಯಾದದ್ದು 1897ರಲ್ಲಿ.

ಎರಡು ವರ್ಷಕ್ಕೊಮ್ಮೆ ಬರುವ ನಮ್ಮ ಮಾರಿಕಾಂಬಾ ಜಾತ್ರೆಯಂಥ ಕಡೆ ಹನ್ನೊಂದು ಸಾಮಾನು ಒಂದರಲ್ಲೇ ಇರುವ ಅಗ್ಗದ ಚಾಕುಗಳು ಸಿಗುತ್ತವೆ. ಮಕ್ಕಳು ಹಟ ಮಾಡುತ್ತಾರೆ, ಕೊಡಿಸಬೇಕು ಅನ್ನಿಸುತ್ತದೆ. ಕೊಡಿಸುವ ಮೊದಲು ಕತ್ತರಿಯನ್ನು ಒಂದು ದಾರದ ಮೇಲೆ ಪರೀಕ್ಷಿಸಿ. ಎರಡು ಬಾಯಿ ಸರಿಯಾಗಿ ಕೂಡದೆ ದಾರ ಮಡಚಿ ನಡುವೆ ಸಿಕ್ಕಿಕೊಂಡರೆ ಉಳಿದ ಹತ್ತು ಸಾಮಾನಿನ ಕಥೆಯೂ ಅಷ್ಟೇ.

ಒದ್ದೆ ಕೈಯಲ್ಲಿ ಬಿಚ್ಚಿ ನೋಡಿ

ಜೇಬಿನಿಂದ ತೆಗೆದು ಬಿಚ್ಚಲು ಕಷ್ಟವಾದರೆ ಆ ಚಾಕುವನ್ನು ಯಾರೂ ಬಳಸುವುದಿಲ್ಲ, ಅದೆಷ್ಟೇ ಒಳ್ಳೆಯದಿರಲಿ. ಅಲಗಿನ ಮೇಲೆ ಉಗುರು ಸಿಕ್ಕಿಸಲು ಒಂದು ಗೀರು ಇರುತ್ತದಲ್ಲ, ಅದಕ್ಕೆ ಉಗುರು ಹಾಕಿ ಹತ್ತು ಸಲ ಬಿಚ್ಚಿ ಮಡಚಿ. ಹತ್ತನೇ ಸಲಕ್ಕೆ ಉಗುರು ನೋಯುತ್ತಿದ್ದರೆ ಸ್ಪ್ರಿಂಗ್ ತೀರ ಬಿಗಿ. ಕೈಗೆ ಸ್ವಲ್ಪ ನೀರು ಮಾಡಿಕೊಂಡು ಇನ್ನೊಮ್ಮೆ ಬಿಚ್ಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕೈ ಒಣಗಿರೋದೇ ಅಪರೂಪ ಅಲ್ವಾ?

ತೂಕವನ್ನೂ ನೋಡಬೇಕು. ಐವತ್ತು ಅರವತ್ತು ಗ್ರಾಂ ಇದ್ದರೆ ಪ್ಯಾಂಟಿನ ಜೇಬಿನಲ್ಲಿ ಇದೆಯೋ ಇಲ್ಲವೋ ಅಂತ ಮರೆತುಹೋಗುತ್ತದೆ. ನೂರೈವತ್ತು ಗ್ರಾಂ ದಾಟಿದರೆ ಮೆಟ್ಟಿಲು ಹತ್ತುವಾಗಲೆಲ್ಲ ತೊಡೆಗೆ ಬಡಿಯುತ್ತದೆ, ಒಂದು ದಿನ ಮನೆಯಲ್ಲೇ ಬಿಟ್ಟು ಹೋಗುತ್ತೀರಿ, ಆಮೇಲೆ ದಿನವೂ ಬಿಟ್ಟು ಹೋಗುತ್ತೀರಿ. ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ ಕೆಲವರಿಗೆ ಇಷ್ಟ. ನನಗೆ ಅದು ಬಸ್ಸಿನ ಸೀಟಿಗೆ, ಸ್ಕೂಟರಿನ ಸೀಟಿಗೆ ಉಜ್ಜುವುದು ಬೇಡ ಅನ್ನಿಸಿ ಸ್ಕ್ರೂ ಬಿಚ್ಚಿ ತೆಗೆದಿಟ್ಟೆ. ಲುಂಗಿ ಉಡುವವರು ಒಂದು ಸಣ್ಣ ಬಟ್ಟೆ ಚೀಲ ಹೊಲಿಸಿಕೊಳ್ಳಿ, ಸುಮ್ನೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಡಿ.

ಬೆರಳಿನ ವಿಷಯ

ಸಾಮಾನ್ಯ ಮಡಚುವ ಚಾಕುವಿನ ಅಲಗನ್ನು ಹಿಡಿದಿಡುವುದು ಬೆನ್ನಿನ ಒಂದು ಸ್ಪ್ರಿಂಗ್ ಅಷ್ಟೇ. ಅದು ಬೀಗ ಅಲ್ಲ. ಬಾಯಿಯ ಕಡೆ ಒತ್ತಿ ಕೊಯ್ಯುವಾಗ ಅಲಗು ಬಿಚ್ಚಿಕೊಂಡೇ ಇರುತ್ತದೆ, ಯಾವ ಭಯವೂ ಇಲ್ಲ. ತುದಿಯಿಂದ ಚುಚ್ಚುವಾಗ ಮಾತ್ರ ಅದು ನಿಮ್ಮ ಬೆರಳಿನ ಮೇಲೆ ಮಡಚಿಕೊಳ್ಳಬಹುದು. ತೆಂಗಿನಕಾಯಿಯ ಕಣ್ಣು ತೂತು ಮಾಡಲು, ಎಣ್ಣೆ ಡಬ್ಬಿಗೆ ತೂತು ಹೊಡೆಯಲು, ಬೆಲ್ಟಿಗೆ ಇನ್ನೊಂದು ತೂತು ಮಾಡಲು ಇಂಥ ಚಾಕು ದಯವಿಟ್ಟು ಬಳಸಬೇಡಿ. ಸ್ಕ್ರೂಡ್ರೈವರ್ ಅಥವಾ ದಬ್ಬಣ ಹುಡುಕಿ.

ಚುಚ್ಚುವ ಕೆಲಸ ನಿಮಗೆ ದಿನಾ ಇದೆ ಅನ್ನುವುದಾದರೆ ಬೀಗ ಇರುವ ಚಾಕು ತಗೊಳ್ಳಿ. ಒಪಿನೆಲ್‌ನ ಕುತ್ತಿಗೆಯಲ್ಲಿ ತಿರುಗಿಸುವ ಉಂಗುರ ಇದೆ, 1955ರಿಂದ ಬಂದದ್ದು, ಸರಳ ಮತ್ತು ಗಟ್ಟಿ. ಒಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆತುಕೊಳ್ಳುವ ಬೀಗಗಳೂ ಇವೆ. ಅಗ್ಗದ ಚಾಕುವಿನಲ್ಲಿ ಆ ತಗಡು ಅಂಚಿನಲ್ಲಷ್ಟೇ ಆತುಕೊಂಡಿರುತ್ತದೆ. ಬಿಚ್ಚಿ, ಬೆರಳುಗಳನ್ನು ದಾರಿಯಿಂದ ದೂರ ಇಟ್ಟು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ನಿಧಾನವಾಗಿ ಒತ್ತಿ. ಜಾರಿ ಮಡಚಿದರೆ ಅದನ್ನು ಬೀಗ ಇಲ್ಲದ ಚಾಕು ಅಂತಲೇ ತಿಳಿಯಿರಿ.

ಬೈತಖೋಲ್ ಬಂದರಿನ ಕಡೆ ದೋಣಿಯ ಮೇಲೆ ಹಗ್ಗ, ಬಲೆ ಕೊಯ್ಯುವವರಿಗೆ ಮಡಚುವ ಚಾಕುವೇ ಬೇಡ ಅಂತ ನಾನು ಹೇಳುತ್ತೇನೆ. ಒರೆಯಲ್ಲಿಡುವ, ಮಡಚದ ಸಣ್ಣ ಚಾಕು ಸಾಕು. ಕೀಲೇ ಇಲ್ಲದಿದ್ದರೆ ಉಪ್ಪು ನೀರು ಒಳಗೆ ಹೋಗಿ ಕೂರುವುದಕ್ಕೆ ಜಾಗವೂ ಇಲ್ಲ. ಹಲ್ಲು ಹಲ್ಲಾಗಿರುವ ಬಾಯಿ ನೈಲಾನ್ ಹಗ್ಗಕ್ಕೆ ಚೆನ್ನಾಗಿ ಹಿಡಿಯುತ್ತದೆ. ಮನೆ ಬಳಕೆಗೆ ಅಂಥದ್ದು ಬೇಡ, ಹಣ್ಣು ಸುಲಿಯಲು ಬರುವುದಿಲ್ಲ, ಮಸೆಯಲೂ ಕಷ್ಟ.

ತುಕ್ಕು: ನಮ್ಮ ಜಿಲ್ಲೆಯ ದೊಡ್ಡ ತಲೆನೋವು

ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯದ ಉಕ್ಕು ಅಂತ ನಾವು ತಿಳಿದಿರುತ್ತೇವೆ. ಹಾಗೇನಿಲ್ಲ. ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುವ ಉಕ್ಕಿಗೆ ಸ್ಟೇನ್‌ಲೆಸ್ ಅನ್ನುತ್ತಾರೆ. ಆ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೆ ತುಂಬ ತೆಳುವಾದ ಒಂದು ಪದರ ಕಟ್ಟುತ್ತದೆ, ಅದೇ ಒಳಗಿನ ಕಬ್ಬಿಣವನ್ನು ಕಾಯುವುದು. ಕಡಲಿನ ಉಪ್ಪು ಆ ಪದರವನ್ನು ಅಲ್ಲಲ್ಲಿ ಒಡೆಯುತ್ತದೆ. ಗಾಳಿಯಾಡುವ ಕಡೆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಕೀಲಿನ ಸಂದಿಯಲ್ಲಿ ಗಾಳಿ ಆಡುವುದಿಲ್ಲ, ಉಪ್ಪು ನೀರು ಮಾತ್ರ ನಿಂತಿರುತ್ತದೆ. ಅದಕ್ಕೇ ಕಾರವಾರದಲ್ಲಿ ಅಲಗು ಫಳಫಳ ಹೊಳೆಯುತ್ತಿದ್ದರೂ ಚಾಕು ಒಂದು ದಿನ ಕಿರ್ರ್ ಅನ್ನಲು ಶುರುವಾಗುತ್ತದೆ. ಕೀಲಿನ ಬಳಿ ಬಿಳಿ ಬಟ್ಟೆ ಒತ್ತಿ ನೋಡಿ, ಕಂದು ನೀರು ಬಂದರೆ ಒಳಗೆ ಶುರುವಾಗಿದೆ ಅಂತ ಅರ್ಥ.

ಆನ್‌ಲೈನ್‌ನಲ್ಲಿ ಡಿ2 ಅನ್ನುವ ಉಕ್ಕಿಗೆ ತುಂಬ ಹೊಗಳಿಕೆ ಕಾಣುತ್ತೀರಿ. ಬಾಯಿ ತುಂಬ ದಿನ ನಿಲ್ಲುತ್ತದೆ ಅನ್ನುವುದು ನಿಜ. ಅದರಲ್ಲಿ ಕ್ರೋಮಿಯಂ ಸುಮಾರು 12 ಶೇಕಡಾ ಇದ್ದರೂ ಒಂದು ಪಾಲು ಇಂಗಾಲದ ಜೊತೆ ಗಟ್ಟಿ ಹರಳಾಗಿ ಸೇರಿಹೋಗಿರುತ್ತದೆ, ಕಾಯುವ ಕೆಲಸಕ್ಕೆ ಅಷ್ಟು ಕಮ್ಮಿ ಉಳಿಯುತ್ತದೆ. ಬೆಂಗಳೂರಿನಲ್ಲಿ ನಡೆಯಬಹುದು. ಕರಾವಳಿಯಲ್ಲಿ ಚುಕ್ಕೆ ಚುಕ್ಕೆ ತುಕ್ಕು ಬೀಳುತ್ತದೆ. ಕಡಲ ಬದಿಯವರಿಗೆ ಸ್ವಿಸ್ ಚಾಕುವಿನಂಥ ಸಾಧಾರಣ, ಸ್ವಲ್ಪ ಮೆದು ಸ್ಟೇನ್‌ಲೆಸ್ಸೇ ವಾಸಿ. ಬಾಯಿ ಬೇಗ ಮೊಂಡಾಗುತ್ತದೆ, ಆದರೆ ಐದು ನಿಮಿಷ ಮಸೆದರೆ ಮತ್ತೆ ಬರುತ್ತದೆ.

ಇಂಗಾಲದ ಉಕ್ಕಿನ, ಅಂದರೆ ಸ್ಟೇನ್‌ಲೆಸ್ ಅಲ್ಲದ ಮಾಮೂಲಿ ಉಕ್ಕಿನ ಚಾಕು ಇನ್ನೊಂದು ಥರ. ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಾಗುವುದನ್ನು ಮನೆಯಲ್ಲಿ ನೋಡಿದ್ದೀರಲ್ಲ, ಚೊಗರು ಕಬ್ಬಿಣಕ್ಕೆ ತಾಗಿ ಆಗುವ ಬಣ್ಣ ಅದು. ಅದನ್ನು ತುಕ್ಕು ಅಂತ ಹೆದರಿ ಉಜ್ಜಿ ತೆಗೆಯಬೇಡಿ, ಆ ಕಪ್ಪು ಪದರ ಸ್ವಲ್ಪ ಮಟ್ಟಿಗೆ ಅಲಗನ್ನು ಕಾಯುತ್ತದೆ. ಉಜ್ಜಿ ತೆಗೆಯಬೇಕಾದದ್ದು ಕೆಂಪು ತುಕ್ಕನ್ನು. ಶಿರಸಿ, ಸಿದ್ದಾಪುರ ಕಡೆ ಬಳಸಿದ ತಕ್ಷಣ ಒರೆಸುವ ಅಭ್ಯಾಸ ಇದ್ದವರಿಗೆ ಇಂಥ ಚಾಕು ಒಳ್ಳೆಯ ಸಂಗಾತಿ. ಹುಳಿ ಅಂಶ ಇರುವ ಹಣ್ಣಿಗೆ ಮಾತ್ರ ಬೇಡ. ಅಂಕೋಲೆಯ ಕರಿ ಇಶಾಡು ಮಾವಿನ ಹಣ್ಣನ್ನು ಹೊಸ ಇಂಗಾಲದ ಚಾಕುವಿನಲ್ಲಿ ಕೊಯ್ದು ತಿಂದರೆ ಕಬ್ಬಿಣದ ರುಚಿ ಬೆರೆಯುತ್ತದೆ. ಅಷ್ಟು ಒಳ್ಳೆಯ ಹಣ್ಣಿಗೆ ಹಾಗೆ ಮಾಡಬಾರದು. ಒಪಿನೆಲ್‌ನ ಮರದ ಹಿಡಿ ಮಳೆಗಾಲದಲ್ಲಿ ಊದಿಕೊಂಡು ಅಲಗು ಬಿಚ್ಚಲು ಬರದ ಹಾಗೆ ಹಿಡಿದುಕೊಳ್ಳುತ್ತದೆ ಅನ್ನುವುದೂ ಗೊತ್ತಿರಲಿ. ಹೊಸದು ತಂದಾಗಲೇ, ಒಣಗಿರುವಾಗ, ಹಿಡಿಗೆ ಅಗಸೆ ಎಣ್ಣೆ ಎರಡು ಮೂರು ಸಲ ಕುಡಿಸಿ.

ಖಾನೆಯಲ್ಲಿ ಬಿದ್ದಿರುವ ಚಾಕುವನ್ನು ಎಬ್ಬಿಸೋದು

ಒಂದು ಸಂಜೆ ಸಾಕು. ಬಿಸಿ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಬಾಳೆ ಸೊನೆ, ಹಲಸಿನ ಮೇಣ ಅಂಟಿದ್ದರೆ ಮೊದಲು ತೆಂಗಿನೆಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಆಮೇಲೆ ಚಾಕುವನ್ನು ನೀರೊಳಗೇ ಹಿಡಿದು ಇಪ್ಪತ್ತು ಸಲ ಬಿಚ್ಚಿ ಮಡಚಿ, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಸಂದಿ ತಿಕ್ಕಿ. ಜೇಬಿನ ನೂಲು, ಮಣ್ಣು, ಎಷ್ಟು ಬರುತ್ತದೆ ಅಂದರೆ ನೀರಿನ ಬಣ್ಣವೇ ಬದಲಾಗುತ್ತದೆ. ಸಿಹಿ ನೀರಿನಲ್ಲಿ ತೊಳೆದು, ಒರೆಸಿ, ಅಲಗು ಅರ್ಧ ಬಿಚ್ಚಿಟ್ಟು ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ. ಮರದ ಹಿಡಿಯ ಚಾಕುವಾದರೆ ನೀರಲ್ಲಿ ಮುಳುಗಿಸದೆ ಒದ್ದೆ ಬ್ರಶ್ಶಿನಲ್ಲೇ ತಿಕ್ಕಿ.

ಕೀಲಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ತೆಂಗಿನೆಣ್ಣೆ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯೊಳಗೆ ಎಣ್ಣೆ ಹೇಗೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೋ ಕೀಲಿನೊಳಗೂ ಹಾಗೇ ಆಗುತ್ತದೆ, ಮೇಲಿಂದ ಧೂಳು ಹಿಡಿದು ಅಂಟಾಗುತ್ತದೆ. ಅಲಗಿಗೆ ಮಾತ್ರ ತೆಂಗಿನೆಣ್ಣೆಯ ತೆಳು ಪಸೆ ಒಳ್ಳೆಯದು, ತಿನ್ನುವ ಪದಾರ್ಥ ಕೊಯ್ಯುವ ಅಲಗಲ್ಲವೇ.

ಇನ್ನು ಮಸೆಯುವುದು. ಎರಡು ಬದಿ ಇರುವ ಕಾರ್ಬೊರಂಡಮ್ ಕಲ್ಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಒಂದು ಬದಿ ಒರಟು, ಇನ್ನೊಂದು ನುಣುಪು. ಓರೆ ಎಷ್ಟಿರಬೇಕು ಅನ್ನುವುದೇ ಎಲ್ಲರ ಪ್ರಶ್ನೆ. ಚೌಕ ಕಾಗದದ ಒಂದು ಮೂಲೆಯನ್ನು ಅರ್ಧಕ್ಕೆ ಮಡಚಿ, ಅದನ್ನೇ ಮತ್ತೆ ಅರ್ಧಕ್ಕೆ ಮಡಚಿ. 90 ಡಿಗ್ರಿ 45 ಆಯಿತು, 45 ಇಪ್ಪತ್ತೆರಡೂವರೆ ಆಯಿತು. ಆ ಕಾಗದವನ್ನು ಕಲ್ಲಿನ ಪಕ್ಕ ನಿಲ್ಲಿಸಿ, ಅಲಗನ್ನು ಅದಕ್ಕಿಂತ ಕೂದಲೆಳೆಯಷ್ಟು ತಗ್ಗಿಸಿ ಹಿಡಿಯಿರಿ.

ಶುರು ಮಾಡುವ ಮೊದಲು ಬಾಯಿಯ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ಕಲ್ಲಿಗೆ ನೀರು ಹಾಕಿ ನಾಲ್ಕು ಸಲ ಎಳೆದು ನೋಡಿ. ಬಣ್ಣ ಮೇಲುಗಡೆ ಮಾತ್ರ ಹೋಗಿದ್ದರೆ ಚಾಕುವನ್ನು ಜಾಸ್ತಿ ಮಲಗಿಸಿದ್ದೀರಿ. ತುದಿ ಅಂಚಿನಲ್ಲಿ ಮಾತ್ರ ಹೋಗಿದ್ದರೆ ಜಾಸ್ತಿ ಎತ್ತಿದ್ದೀರಿ. ಪೂರ್ತಿ ಹೋಗಿದ್ದರೆ ಸರಿಯಾಗಿದೆ, ಅದೇ ಓರೆಯಲ್ಲಿ ಮುಂದುವರಿಸಿ. ಒಂದೇ ಬದಿ ಮಸೆಯುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಎದುರು ಬದಿಯಲ್ಲಿ, ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಹಗುರವಾಗಿ ಜಾರಿಸಿದರೆ, ಒಂದು ಸಣ್ಣ ತರಿ, ಅಂದರೆ ಮಸೆದ ಲೋಹ ಆಚೆ ಬದಿಗೆ ಬಾಗಿ ನಿಂತ ಅಂಚು, ಬೆರಳಿಗೆ ತಡೆಯುತ್ತದೆ. ಬುಡದಿಂದ ತುದಿಯವರೆಗೆ ಆ ತರಿ ಸಿಗುವವರೆಗೂ ಬದಿ ಬದಲಿಸಬೇಡಿ. ಮನೆಯಲ್ಲಿ ಮಸೆದರೂ ಹರಿತ ಬರಲಿಲ್ಲ ಅನ್ನುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ, ತರಿ ಬರುವ ಮೊದಲೇ ನಿಲ್ಲಿಸಿಬಿಡುತ್ತಾರೆ. ತರಿ ಬಂದ ಮೇಲೆ ಇನ್ನೊಂದು ಬದಿಗೂ ಹಾಗೇ ಮಾಡಿ, ನುಣುಪು ಕಲ್ಲಿಗೆ ಬಂದು, ಕೈಭಾರ ಕಡಿಮೆ ಮಾಡುತ್ತಾ ಒಂದೊಂದು ಬದಿಗೆ ಒಂದೊಂದು ಸಲ ಎಳೆಯಿರಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಬದಿಯ ಮೇಲೆ, ಬೆನ್ನು ಮುಂದೆ ಮಾಡಿ, ಇಪ್ಪತ್ತು ಸಲ ಎಳೆದರೆ ಉಳಿದ ತರಿ ಹೋಗುತ್ತದೆ.

ಕಲ್ಲು ಇಲ್ಲದ ಊರಿನಲ್ಲಿ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ತಳದ ಉಂಗುರಕ್ಕೆ ಹೊಳಪು ಇರುವುದಿಲ್ಲ, ಒರಟಾಗಿರುತ್ತದೆ. ಮೊಂಡು ಬಾಯಿಗೆ ಒಂದೆರಡು ದಿನದ ಜೀವ ಅಲ್ಲಿಂದ ಬರುತ್ತದೆ.

ಸಾಣೆ ಚಕ್ರದವರ ಹತ್ತಿರ ಕೊಡುವುದಾದರೆ ಪಕ್ಕದಲ್ಲೇ ನಿಂತಿರಿ, ಆಗಾಗ ನೀರಿಗೆ ಅದ್ದಲು ಹೇಳಿ. ತೆಳು ಅಲಗು ಚಕ್ರದ ಬಿಸಿಗೆ ಕ್ಷಣದಲ್ಲಿ ಕಾಯುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿಯ ಹದ ಹೋಯಿತು, ಆ ಭಾಗ ಇನ್ನು ಎಷ್ಟು ಮಸೆದರೂ ಬಾಯಿ ನಿಲ್ಲಿಸುವುದಿಲ್ಲ. ನಮ್ಮ ಊರಿನ ಆಚಾರಿಗಳು ಕತ್ತಿಗೆ ಹದ ಹಾಕುವಾಗ ಬಣ್ಣವನ್ನೇ ನೋಡುತ್ತಾ ಕೂರುವುದು ಇದೇ ಕಾರಣಕ್ಕೆ.

ದಪ್ಪ ಚಾಕುವನ್ನು ಮನೆಯಲ್ಲಿ ತೆಳು ಮಾಡುವುದು ಗಂಟೆಗಟ್ಟಲೆ ಕೆಲಸ, ನಾನು ಒಂದು ಚಾಕುವಿಗೆ ಮಾಡಿ ನೋಡಿದೆ, ಇನ್ನೊಂದಕ್ಕೆ ಮಾಡುವುದಿಲ್ಲ. ಅದನ್ನು ತೋಟದ ಮನೆಯಲ್ಲಿಟ್ಟು ಚೀಲ ಬಿಚ್ಚಲು, ಬಳ್ಳಿ ಕಟ್ಟುವ ಹಗ್ಗ ತುಂಡು ಮಾಡಲು ಬಳಸಿ. ಆ ಕೆಲಸಕ್ಕೆ ಅದು ಚೆನ್ನಾಗಿಯೇ ಇದೆ.

ಪ್ರಯಾಣದ ಮಾತು

ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ವಿಮಾನ ಹತ್ತುವವರು ಚಾಕುವನ್ನು ಕೈಚೀಲದಲ್ಲಿ ಇಡಬೇಡಿ, ಕೌಂಟರಿನಲ್ಲಿ ಕೊಡುವ ಸಾಮಾನಿನೊಳಗೆ ಹಾಕಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳು, ಅದರಲ್ಲೂ ಮನೆ ಮತ್ತು ಕೃಷಿ ಬಳಕೆಯವನ್ನು ಬಿಟ್ಟು. ಮೂರು ಇಂಚಿನ ಚಾಕು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಕೋರ್ಟು, ಕಚೇರಿ, ಬಂದೋಬಸ್ತ್ ಇರುವ ಸಭೆಗೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗಿ.

ಮಳೆಗಾಲದ ಮೊದಲು

ಮೇ ಕೊನೆಯ ವಾರ ಮನೆಯಲ್ಲಿರುವ ಎಲ್ಲ ಚಾಕುಗಳನ್ನೂ ಒಮ್ಮೆ ಹೊರಗೆ ತೆಗೆಯಿರಿ. ದಿನಾ ಬಳಸುವ ಒಂದನ್ನು ಬಿಟ್ಟು ಉಳಿದವನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡದ ಡಬ್ಬದಲ್ಲಿ ಇಡಿ. ಔಷಧಿ ಬಾಟಲಿಗಳಲ್ಲಿ, ಹೊಸ ಚಪ್ಪಲಿಯ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಜೊತೆಗೆ ಹಾಕಿ. ಚರ್ಮದ ಒರೆಯೊಳಗೆ ಮಾತ್ರ ಬಿಡಬೇಡಿ. ಚರ್ಮ ತೇವ ಹೀರಿಕೊಂಡು ಬೂಷ್ಟು ಹಿಡಿಯುತ್ತದೆ, ಒಳಗಿನ ಅಲಗು ಆಗಸ್ಟ್ ಹೊತ್ತಿಗೆ ಕೆಂಪಾಗಿರುತ್ತದೆ. ಒರೆಯನ್ನು ಬೇರೆ ತೂಗುಹಾಕಿ, ಚಾಕುವನ್ನು ಬೇರೆ ಇಡಿ. ಜೇಬಿನಲ್ಲಿರುವ ಚಾಕುವನ್ನು ರಾತ್ರಿ ಒಮ್ಮೆ ಒರೆಸಿ, ಅಲಗು ಅರ್ಧ ಬಿಚ್ಚಿ, ಮಕ್ಕಳ ಕೈಗೆ ಸಿಗದ ಹಾಗೆ ಅಡುಗೆ ಒಲೆಯ ಮೇಲಿನ ಎತ್ತರದ ಕಟ್ಟೆಯ ಮೇಲಿಟ್ಟರೆ ಆ ಬಿಸಿಗೆ ಬೆಳಗಾಗುವಷ್ಟರಲ್ಲಿ ಕೀಲು ಒಣಗಿರುತ್ತದೆ.